ರಾಯಲ್ ಸ್ಕಾಟ್ ಓಡಿಸಿದ ಐಸಾಕ್ ಭಾವ

ನನ್ನ ಅಕ್ಕ ಹಿಲ್ಡಾಳ ಗಂಡ ಐಸಾಕ್ ಟಿನಿಸ್‌ವುಡ್ ಮಾತು ಕಡಿಮೆಯ ಮನುಷ್ಯ. ಉತ್ತರ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ, ರೈಲು ಎಂಜಿನ್‌ಗಳನ್ನು ನಿಲ್ಲಿಸುವ ಅಪ್ಪರ್ಬಿ ಶೆಡ್‌ನಲ್ಲಿ, ಎಲ್ಲರೂ ಅವರನ್ನು ಐಕ್ ಎಂದು ಕರೆಯುತ್ತಿದ್ದರು. ನನಗೆ ಅವರು ಭಾವ. ಅದೇ ಶೆಡ್‌ನಲ್ಲಿ ನಾನು ಫಿಟ್ಟರ್. ಎಂಜಿನ್ ಓಡಿಸಿ ಬಂದವರು ಎಲ್ಲಿ ಸೋರುತ್ತದೆ, ಎಲ್ಲಿ ಬಡಿಯುತ್ತದೆ ಎಂದು ಹೇಳಬೇಕು, ನಾನು ಸುತ್ತಿಗೆ ಹಿಡಿದು ಅದರ ಕೆಳಗೆ ತೂರಬೇಕು. ಹೀಗಾಗಿ ವಾರವಿಡೀ ಶೆಡ್‌ನಲ್ಲಿ ನೋಡಿದ ಮುಖವನ್ನೇ ಭಾನುವಾರ ಅಕ್ಕನ ಮನೆಯ ಊಟದ ಮೇಜಿನಲ್ಲೂ ನೋಡುತ್ತಿದ್ದೆ. ಅವರ ಬದುಕಿನಲ್ಲಿ ನಡೆದದ್ದನ್ನು ಹೇಳಬಲ್ಲವರು ಈಗ ಹೆಚ್ಚು ಜನ ಉಳಿದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಭಾವ ಶೆಡ್‌ಗೆ ಸೇರಿದ್ದು ಎಂಜಿನ್ ಒರೆಸುವ ಕೆಲಸಕ್ಕೆ. ಎಲ್ಲರೂ ಹಾಗೆಯೇ ಸೇರುವುದು. ಮೊದಲು ಒರೆಸಬೇಕು, ಆಮೇಲೆ ಫೈರ್‌ಮನ್ ಆಗಿ ಕಲ್ಲಿದ್ದಲು ಎತ್ತಿ ಹಾಕಬೇಕು, ಬೆನ್ನು ಬಾಗಿದ ಮೇಲೆ ಡ್ರೈವರ್ ಆಗಬೇಕು. ಅವರು ಸೇರಿದ ಸ್ವಲ್ಪ ದಿನಕ್ಕೇ, ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿಯ ಕೊನೆಗೆ, ಹೊಸ ಎಂಜಿನ್‌ಗಳು ಬಂದವು. ಅಲ್ಲಿಯವರೆಗೆ ಲಂಡನ್ನಿನಿಂದ ಸ್ಕಾಟ್‌ಲೆಂಡಿಗೆ ಹೋಗುವ ದೊಡ್ಡ ರೈಲುಗಳಿಗೆ ಶಾಪ್ ಬೆಟ್ಟದ ಏರಿನಲ್ಲಿ ಒಂದು ಎಂಜಿನ್ ಸಾಲುತ್ತಿರಲಿಲ್ಲ, ಎರಡು ಕಟ್ಟಬೇಕಿತ್ತು. ಕಂಪನಿಗೆ ಇದ್ದಕ್ಕಿದ್ದಂತೆ ಅವಸರ ಹತ್ತಿತು. ಮುಂದಿನ ಬೇಸಿಗೆಯೊಳಗೆ ಐವತ್ತು ಎಂಜಿನ್ ಒಟ್ಟಿಗೆ ಬೇಕು ಎಂದು ಗ್ಲಾಸ್ಗೋದವರಿಗೆ ಕಟ್ಟಲು ಕೊಟ್ಟಿತು. ಅವೇ ರಾಯಲ್ ಸ್ಕಾಟ್‌ಗಳು. ದಪ್ಪ ಬಾಯ್ಲರ್, ಗಿಡ್ಡ ಹೊಗೆಕೊಳವೆ, ಕೆಂಪು ಬಣ್ಣ; ಆಮೇಲಾಮೇಲೆ ಸೈನ್ಯದ ಪಡೆಗಳ ಹೆಸರನ್ನೂ ಮೈಮೇಲೆ ಹೊತ್ತವು. ಮೊದಲನೆಯದು ಶೆಡ್ ಒಳಗೆ ಬಂದಾಗ ಎಲ್ಲರೂ ಕೈಯಲ್ಲಿದ್ದ ಎಣ್ಣೆಬಟ್ಟೆ ಬಿಟ್ಟು ನಿಂತು ನೋಡಿದರಂತೆ.

ಒರೆಸುವವರ ಮೇಲಿನ ಮುಖ್ಯಸ್ಥನಾಗಿದ್ದ ಮುದುಕನೊಬ್ಬ ಮಾತ್ರ ನೋಡಿ ಕ್ಯಾಕರಿಸಿ ಉಗಿದನಂತೆ.

"ನೋಡ್ಕೊಳ್ರಪ್ಪಾ ಚೆನ್ನಾಗಿ. ಎರಡು ಎಂಜಿನ್ ಕೆಲ್ಸ ಇದೊಂದೇ ಮಾಡ್ತದಂತೆ. ಹಂಗಂದ್ರೆ ಇಬ್ಬರು ಡ್ರೈವರ್ ಕೆಲ್ಸ ಒಬ್ಬನೇ ಮಾಡ್ತಾನೆ. ನೀವೆಲ್ಲ ಗಡ್ಡ ಬೆಳ್ಳಗಾಗೋವರ್ಗೂ ಒರೆಸ್ತಾ ಇರಿ."

ಎಲ್ಲರೂ ನಕ್ಕರು. ಆದರೆ ಮುದುಕ ಹೇಳಿದ್ದು ಹೆಚ್ಚುಕಡಿಮೆ ಹಾಗೆಯೇ ಆಯಿತು. ಒಂದು ಕಡೆ ಎಂಜಿನ್‌ಗಳು ಕಡಿಮೆಯಾದವು, ಇನ್ನೊಂದು ಕಡೆ ಮೂವತ್ತರ ದಶಕದ ಮುಗ್ಗಟ್ಟು ಬಂತು. ಫೈರ್‌ಮನ್ ಆಗಿ ಬಡ್ತಿ ಪಡೆದವರನ್ನು ಮತ್ತೆ ಒರೆಸುವ ಕೆಲಸಕ್ಕೆ ಇಳಿಸಿದರು. ಭಾವ ಹೀಗೆ ಏರಿ, ಇಳಿದು, ಮತ್ತೆ ಏರಿ, ಕೊನೆಗೆ ಫೈರ್‌ಮನ್ ಆಗಿ ನಿಂತಾಗ ಅಕ್ಕನನ್ನು ಮದುವೆಯಾಗಿ ಬಹಳ ವರ್ಷವಾಗಿತ್ತು. ಅಕ್ಕ ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬ ತುಂಬುತ್ತಿದ್ದಳು. ಅವಳ ಬಟ್ಟೆಗೆ ಸಕ್ಕರೆ ವಾಸನೆ, ಅವರ ಬಟ್ಟೆಗೆ ಮಸಿ ವಾಸನೆ. ಮಕ್ಕಳಾಗಲಿಲ್ಲ.

ಶಾಪ್ ಏರು ಎಂದರೆ ಏನು ಎಂಬುದು ಅಲ್ಲಿ ಸಲಿಕೆ ಹಿಡಿದವನಿಗೇ ಗೊತ್ತು. ದಕ್ಷಿಣದಿಂದ ಬರುವಾಗ ಟೀಬೇ ಊರು ದಾಟಿದ ಮೇಲೆ ಹಳಿ ಬೆಟ್ಟದ ಎದೆಯ ಮೇಲೆ ಹತ್ತುತ್ತದೆ. ಹಿಂದೆ ಉದ್ದನೆಯ ರೈಲು, ಮುಂದೆ ಮಳೆ, ಗಾಳಿ. ಒಲೆಯ ಬಾಯಿ ತೆರೆದರೆ ಮುಖ ಸುಡುತ್ತದೆ, ತಿರುಗಿದರೆ ಬೆನ್ನು ನಡುಗುತ್ತದೆ. ರಾಯಲ್ ಸ್ಕಾಟ್ ಒಲೆಗೆ ಹಾಕಿದ್ದೆಲ್ಲ ಬೇಕು. ಹಾಕಿದಷ್ಟೂ ಎಳೆಯುತ್ತದೆ, ಎಳೆದಷ್ಟೂ ಕೇಳುತ್ತದೆ. ಮೊದಮೊದಲು ಅದರ ಗಿಡ್ಡ ಕೊಳವೆಯ ಹೊಗೆ ಮೇಲಕ್ಕೆ ಹೋಗದೆ ಬಾಯ್ಲರ್ ಉದ್ದಕ್ಕೂ ತೆವಳಿ ಬಂದು ಡ್ರೈವರನ ಕಣ್ಣಿಗೇ ಕವಿಯುತ್ತಿತ್ತು. ಆಮೇಲೆ ಕೊಳವೆಯ ಎರಡೂ ಪಕ್ಕಕ್ಕೆ ತಗಡಿನ ಕಿವಿಗಳನ್ನು ಹಾಕಿ ಅದನ್ನು ಸರಿಮಾಡಿದರು. ಸರಿ ಮಾಡಬೇಕಾದದ್ದು ಇನ್ನೂ ಇತ್ತು. ಯುದ್ಧ ಬಂತು, ಸಿಪಾಯಿಗಳನ್ನು ಕಿಟಕಿಯಲ್ಲೂ ತುರುಕಿಕೊಂಡು ಹೋಗುವ ರೈಲುಗಳು, ಕಲ್ಲಿಗಿಂತ ಕಲ್ಲಾದ ಕಲ್ಲಿದ್ದಲು, ಬೆಳಕು ಹೊರಗೆ ಕಾಣಬಾರದೆಂದು ಎಂಜಿನ್ ಮೇಲೆ ಹೊದಿಸಿದ ಟಾರ್ಪಾಲು. ಒಳಗೆ ಇಬ್ಬರು ಗಂಡಸರು ಬೇಯುತ್ತಿದ್ದರು. ಆ ವರ್ಷಗಳಲ್ಲೇ ಈ ಎಂಜಿನ್‌ಗಳನ್ನು ಒಂದೊಂದಾಗಿ ಕರೆಸಿಕೊಂಡು ಹೊಸ ಬಾಯ್ಲರ್ ಕೂರಿಸಿ ಕಳುಹಿಸಿದರು. ಬಲ ಬಂತು. ಆದರೆ ಸ್ವಲ್ಪ ಸವೆದರೆ ಸಾಕು, ಒಳಗೆ ನಿಂತವರ ಹಲ್ಲು ಸಡಿಲವಾಗುವ ಹಾಗೆ ಕುಲುಕುತ್ತಿದ್ದವು.

"ಅದೇನು ಎಂಜಿನ್ನೋ, ಜರಡಿಯೋ?" ಎಂದು ಅಕ್ಕ ಒಮ್ಮೆ ಕೇಳಿದಳು. ಭಾವನ ಅಂಗಿ ಬಿಚ್ಚಿಸಿ ಸೊಂಟಕ್ಕೆ ಮುಲಾಮು ತಿಕ್ಕುತ್ತಿದ್ದಳು.

"ಬೆಟ್ಟ ಹತ್ತಿಸ್ತದೆ ಕಣೇ."

"ಹತ್ತಿಸೋದು ನೀನು. ಅದು ಬರೀ ತಿಂತದೆ."

ಭಾವ ಡ್ರೈವರ್ ಆದದ್ದು ಯುದ್ಧ ಮುಗಿದ ಮೇಲೆ. ಆದರೂ ಆಗಲೂ ಗೂಡ್ಸ್, ಡಬ್ಬಗಳನ್ನು ಹಿಂದೆಮುಂದೆ ಸರಿಸುವ ಶಂಟಿಂಗ್, ಹಾಲಿನ ರೈಲು. ದೊಡ್ಡ ರೈಲುಗಳ ಸರದಿಗೆ ಬರಲು ಮೇಲಿನವರು ನಿವೃತ್ತರಾಗಬೇಕು, ಇಲ್ಲವೇ ಸಾಯಬೇಕು. ವಯಸ್ಸು ಐವತ್ತರ ಹತ್ತಿರ ಬಂದಾಗ ಅವರ ಹೆಸರು ಆ ಸರದಿಗೆ ಬಂತು. ಮೊದಲ ದಿನ ಅಕ್ಕ ಬಿಸ್ಕತ್ತು ಕಾರ್ಖಾನೆಗೆ ರಜೆ ಹಾಕಿ, ನನ್ನನ್ನು ಎಳೆದುಕೊಂಡು ಸ್ಟೇಷನ್ನಿಗೆ ಹೋದಳು. ಲಂಡನ್ ರೈಲಿಗೆ ಕಟ್ಟಿದ ರಾಯಲ್ ಸ್ಕಾಟ್ ಒಳಗೆ ಭಾವ ನಿಂತಿದ್ದರು. ಅಕ್ಕ ಕೈ ಬೀಸಿದಳು. ಅವರು ಈ ಕಡೆ ತಿರುಗಲಿಲ್ಲ.

"ನೋಡ್ಲೇ ಇಲ್ವಲ್ಲೋ ಸಿಡ್" ಎಂದಳು ಅಕ್ಕ.

"ಸಿಗ್ನಲ್ ನೋಡ್ತಿದ್ದಾರೆ ಅಕ್ಕ. ಅದು ಅವರ ಕೆಲಸ."

"ಮೂವತ್ತು ವರ್ಷ ಕಾದಿದ್ದು ನಾನೂನೂ" ಎಂದಳು. ಆದರೂ ರೈಲಿನ ಕೊನೆಯ ಡಬ್ಬ ಕಣ್ಮರೆಯಾಗುವವರೆಗೆ ಅಲ್ಲೇ ನಿಂತಿದ್ದಳು.

ಅವರಿಗೆ ಜೊತೆಯಾಗಿ ಸಿಕ್ಕ ಫೈರ್‌ಮನ್ ಬ್ರಯನ್ ಹೆಥರಿಂಗ್ಟನ್. ಸ್ಕಾಟ್‌ಲೆಂಡ್ ಗಡಿಯಾಚೆಯ ಲ್ಯಾಂಗ್‌ಹೋಮ್ ಕಡೆಯವನು. ಕೆಂಪು ಕೂದಲು, ಬಾಯಿ ತುಂಬ ಮಾತು. ಭಾವನನ್ನು ಯಜಮಾನರೇ ಎಂದು ಅಣಕದ ಗೌರವದಿಂದ ಕರೆಯುತ್ತಿದ್ದ. ಭಾವ ಮಾತಾಡದಿದ್ದರೂ ಅವನಿಗೆ ಚಿಂತೆಯಿಲ್ಲ, ಇಬ್ಬರ ಪಾಲಿನದನ್ನೂ ಅವನೇ ಆಡುತ್ತಿದ್ದ. ತನ್ನ ಮಗನಿಗೆ ಐಸಾಕ್ ಎಂದು ಹೆಸರಿಡುತ್ತೇನೆ, ಆದರೆ ಮೊದಲು ಮದುವೆಯಾಗಬೇಕು, ಅದಕ್ಕೂ ಮೊದಲು ಯಾರಾದರೂ ಒಪ್ಪಬೇಕು ಎನ್ನುತ್ತಿದ್ದ.

ಭಾವನ ಕಣ್ಣಿನ ವಿಷಯ ಮೊದಲು ತಿಳಿದದ್ದು ಅವನಿಗೇ. ದೂರದ ಸಿಗ್ನಲ್ ಬಂದಾಗ ಭಾವ, "ಏನ್ ಹೇಳ್ತದೆ?" ಎಂದು ಕೇಳತೊಡಗಿದರಂತೆ. ಮೊದಲು ಮಂಜಿನಲ್ಲಿ ಕೇಳುತ್ತಿದ್ದರು. ಆಮೇಲೆ ಸಂಜೆಯ ಹೊತ್ತು. ಕೊನೆಗೆ ಬಿಸಿಲಿನಲ್ಲೂ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಬ್ರಯನ್ ಪಾಠ ಒಪ್ಪಿಸುವವನ ಹಾಗೆ ಉತ್ತರ ಕೊಡುತ್ತಿದ್ದ.

ಐವತ್ತೆಂಟರ ನವೆಂಬರಿನ ಒಂದು ಮಧ್ಯಾಹ್ನ ಅವರು ಉತ್ತರಕ್ಕೆ ಬರುತ್ತಿದ್ದರು. ಶಾಪ್ ಹತ್ತಿ ಮುಗಿದಿತ್ತು. ತುದಿ ದಾಟಿದ ಮೇಲೆ ಪೆನ್ರಿತ್ ಕಡೆಗೆ ಇಳಿಜಾರು, ಎಂಜಿನ್ ತಾನಾಗಿಯೇ ಓಡುತ್ತದೆ. ಸಣ್ಣ ಜಡಿ ಹಿಡಿದಿತ್ತು. ಬ್ರಯನ್ ಸಲಿಕೆ ಕೆಳಗಿಟ್ಟು, ಬಾಟಲಿಯಲ್ಲಿದ್ದ ತಣ್ಣನೆಯ ಚಹಾ ಕುಡಿಯುತ್ತ ಸುಮ್ಮನೆ ಮುಂದೆ ನೋಡಿದ. ಹಳದಿ ಕೈಯ ಸಿಗ್ನಲ್ ಹತ್ತಿರವಾಗುತ್ತಿತ್ತು. ಕೈ ಮೇಲೆದ್ದಿದ್ದರೆ ದಾರಿ ಸಲೀಸು. ಅಡ್ಡವಾಗಿ ಚಾಚಿದ್ದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಬೇಕು ಎಂದರ್ಥ. ಅದು ಅಡ್ಡವಾಗಿ ಚಾಚಿತ್ತು. ಭಾವನ ಕೈ ಬ್ರೇಕಿನ ಕಡೆ ಹೋಗಲೇ ಇಲ್ಲ. ಅವರು ನೆಟ್ಟಗೆ ಅದನ್ನೇ ನೋಡುತ್ತಿದ್ದರು.

"ಯಜಮಾನ್ರೇ, ಹಳದಿ! ಹಳದಿ! ಬ್ರೇಕ್ ಹಾಕ್ರೀ!"

ಭಾವ ಬ್ರೇಕ್ ಎಳೆದರು. ಇಳಿಜಾರು, ಒದ್ದೆ ಹಳಿ. ಹಿಂದಿನ ಡಬ್ಬಗಳು ತಳ್ಳಿಕೊಂಡು ಬಂದವು. ಎಂಜಿನ್ ಕಿರುಚುತ್ತ, ಜಾರುತ್ತ, ಕೆಂಪು ಸಿಗ್ನಲ್ ಕಂಬದ ಹತ್ತಿರ ಬಂದು ನಿಂತಿತು. ಅದರಾಚೆ ಗೂಡ್ಸ್ ರೈಲೊಂದು ಇವರಿಗೆ ದಾರಿ ಬಿಡಲು ಪಕ್ಕದ ಹಳಿಗೆ ನಿಧಾನವಾಗಿ ತೆವಳುತ್ತಿತ್ತು. ಅದರ ಕೊನೆಯ ಡಬ್ಬದ ಗಾರ್ಡ್ ಕಿಟಕಿಯಿಂದ ತಲೆ ಹಾಕಿ ಇವರನ್ನು ನೋಡಿ, ಕೈ ಎತ್ತಿ ನಮಸ್ಕಾರ ಮಾಡಿದನಂತೆ. ಅವನಿಗೇನೂ ತಿಳಿದಿರಲಿಲ್ಲ.

ಆಮೇಲೆ ಬ್ರಯನ್ ನನಗೆ ಹೇಳಿದ: "ಸಿಡ್, ಅವರು ನನ್ ಕಡೆ ನೋಡ್ಲಿಲ್ಲ. 'ಕೈ ಮೇಲಿತ್ತು' ಅಂದ್ರು. ನಾನು 'ಇಲ್ಲ' ಅಂದೆ. 'ಮೇಲಿತ್ತು ಅಂತ ಕಾಣಿಸ್ತು' ಅಂದ್ರು. ಅಷ್ಟೇ. ಕಾರ್ಲೈಲ್ ಬರೋವರ್ಗೂ ಬ್ರೇಕಿನ ಮೇಲಿಂದ ಕೈ ತೆಗೀಲಿಲ್ಲ ಆ ಮನುಷ್ಯ."

ಯಾರಿಗೂ ಏನೂ ಆಗಿರಲಿಲ್ಲ. ಯಾರೋ ಪ್ರಯಾಣಿಕರ ಮಡಿಲಿಗೆ ಸೂಪು ಚೆಲ್ಲಿರಬಹುದು. ಸಿಗ್ನಲ್ ದಾಟಿಲ್ಲವಾದ್ದರಿಂದ ಯಾರೂ ಏನನ್ನೂ ಕೇಳಲಿಲ್ಲ. ಬ್ರಯನ್ ಶೆಡ್‌ನಲ್ಲಿ ಎಂಜಿನ್ ಬಿಟ್ಟು ಇಳಿಯುವಾಗ ಭಾವನಿಗೆ ಹೇಳಿದ:

"ಯಜಮಾನ್ರೇ, ಇದು ನಮ್ಮಿಬ್ಬರಲ್ಲೇ ಇರ್ಲಿ. ನನಗೆ ಎರಡು ಕಣ್ಣು ಇದಾವೆ, ಎರಡೂ ಹದ್ದಿನವು. ಒಂದು ನಿಮಗೆ. ಪ್ರತಿಯೊಂದು ಸಿಗ್ನಲ್ಲೂ ನಾನು ಕೂಗ್ತೀನಿ. ನೀವು ಓಡ್ಸಿ."

ಚಳಿಗಾಲ ಪೂರ್ತಿ ಹಾಗೆಯೇ ನಡೆಯಿತು. ಬ್ರಯನ್ ಕಲ್ಲಿದ್ದಲು ಹಾಕಬೇಕು, ನೀರು ನೋಡಬೇಕು, ನಡುನಡುವೆ ಓಡಿಬಂದು ಸಿಗ್ನಲ್ ಕೂಗಬೇಕು. ದಾರಿಯ ಪ್ರತಿ ತಿರುವು, ಪ್ರತಿ ಸೇತುವೆಯ ಸದ್ದು ಭಾವನಿಗೆ ಗೊತ್ತಿತ್ತು. ಕಣ್ಣಿಲ್ಲದೆಯೇ ಎಲ್ಲಿದ್ದೇವೆಂದು ಹೇಳಬಲ್ಲರು. ಆದರೆ ಸಿಗ್ನಲ್ ಸದ್ದು ಮಾಡುವುದಿಲ್ಲವಲ್ಲ. ಅವರು ತೆಳ್ಳಗಾದರು. ಊಟದ ತಟ್ಟೆ ಅರ್ಧ ಉಳಿಯತೊಡಗಿತು. ಕೆಲಸವಿಲ್ಲದ ದಿನವೂ ಕುರ್ಚಿಯ ತುದಿಯಲ್ಲಿ ಕೂತು ಗೋಡೆಯನ್ನು ದಿಟ್ಟಿಸುತ್ತಿದ್ದರು.

ಒಂದು ಭಾನುವಾರ ಅಕ್ಕ ಕುರಿಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಅಡುಗೆ ತಂದಿಟ್ಟಳು, ಪಕ್ಕದಲ್ಲಿ ಉಪ್ಪಿನಕಾಯಿ ಹಾಕಿದ ಕೆಂಪು ಕೋಸು. ಭಾವ ಅದನ್ನು ಮುಟ್ಟದೆ, ನಮ್ಮಿಬ್ಬರಿಗೂ ಎಲ್ಲವನ್ನೂ ಹೇಳಿದರು. ನಾಲ್ಕೇ ಮಾತಿನಲ್ಲಿ ಹೇಳಿದರು. ಆಮೇಲೆ, "ನಾಳೆ ಫೋರ್‌ಮನ್‌ಗೆ ಹೇಳ್ಬಿಡ್ತೀನಿ" ಎಂದರು.

ಅಕ್ಕ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ಹೇಳಿ?"

"ಹೇಳಿ ಏನು. ಇಳಿಸ್ತಾರೆ."

"ಮೂವತ್ತು ವರ್ಷ ದುಡಿದಿದ್ದಕ್ಕೆ ಸಿಕ್ಕಿದ್ದು ಇಷ್ಟೇ ದಿನವಾ? ಐಕ್, ಆ ಹುಡುಗ ಕೂಗ್ತಾನಲ್ಲ? ಇನ್ನೊಂದೆರಡು ವರ್ಷ ಅವನು ಕೂಗ್ಲಿ."

"ಅವನಿಗೆ ಕೆಮ್ಮು ಬಂತು ಅನ್ಕೋ ಹಿಲ್ಡಾ."

"ಏನು?"

"ಕೆಮ್ಮು. ಒಂದು ಸಲ ಕೆಮ್ಮಿದ್ರೆ ಸಾಕು, ಒಂದು ಸಿಗ್ನಲ್ ಹೋಯ್ತು."

ಅಕ್ಕ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೋ. ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೀಯಾ?"

"ಭಾವ, ರೈಲ್ವೆ ಡಾಕ್ಟರ್ ಪರೀಕ್ಷೆ ಬರೋವರ್ಗಾದ್ರೂ ನೋಡ್ಬಹುದಲ್ಲ" ಎಂದೆ.

ಅವರು ಅಂಗೈಗಳಿಂದ ಮುಖ ಉಜ್ಜಿಕೊಂಡರು. "ಸಿಡ್, ಕಲ್ಲಿದ್ದಲು ಎತ್ತೋವಾಗ ಬೆನ್ನು ನೋಯ್ತಿತ್ತು, ಮಲಗಿದ್ರೆ ಹೋಗ್ತಿತ್ತು. ಇದು ಮಲಗಿದ್ರೂ ಹೋಗಲ್ಲ. ಕಾಣಿಸ್ತದೆ ಅಂತ ನಟಿಸೋದು ಬಹಳ ಭಾರ ಕಣೋ. ನನ್ ಕೈಲಿ ಆಗ್ತಿಲ್ಲ."

ಅಕ್ಕ ಎದ್ದು ಹೋಗಿ, ತಣ್ಣಗಾದ ಅವರ ತಟ್ಟೆಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ ತಂದಳು. ಅವರು ಪೂರ್ತಿ ತಿಂದರು. ಎಷ್ಟೋ ವಾರಗಳ ನಂತರ ಹಾಗೆ ತಿಂದದ್ದು.

ಮರುದಿನ ಬೆಳಿಗ್ಗೆ ಶೆಡ್‌ನ ಫೋರ್‌ಮನ್ ಪರ್ಡಮ್ ಅವರ ಕೋಣೆಗೆ ಭಾವ ಹೋದಾಗ ನಾನು ಹೊರಗೆ ಬಾಗಿಲ ಬಳಿ ಒಂದು ಪಂಪು ಬಿಚ್ಚುತ್ತಿದ್ದೆ. ಪರ್ಡಮ್ ಒಳ್ಳೆಯ ಮನುಷ್ಯ, ಆದರೆ ಮೂಗಿನ ಮೇಲೆ ಕೋಪ.

"ತಲೆ ಕೆಟ್ಟಿದೆಯಾ ಟಿನಿಸ್‌ವುಡ್? ಡಾಕ್ಟರು ಕರೆದಿಲ್ಲ, ಯಾರೂ ದೂರು ಕೊಟ್ಟಿಲ್ಲ. ನೀನಾಗೇ ಬಂದು ಕುರುಡ ಅಂತೀಯಾ?"

"ಕುರುಡ ಅಲ್ಲ ಮಿಸ್ಟರ್ ಪರ್ಡಮ್. ನಿಮ್ಮ ಮುಖ ಕಾಣಿಸ್ತದೆ. ಗೋಡೆ ಮೇಲಿನ ಗಡಿಯಾರ ಇದೆ ಅಂತ ಗೊತ್ತು, ಮುಳ್ಳು ಕಾಣಲ್ಲ."

ಪರ್ಡಮ್ ಕುರ್ಚಿ ಎಳೆದುಕೊಟ್ಟು, "ಕೂತ್ಕೋ" ಎಂದರು. ದನಿ ಇಳಿದಿತ್ತು. "ಇವತ್ತಿನ ರೈಲಿಗೆ ಬೇರೆಯವನನ್ನ ಹಾಕ್ತೀನಿ."

ಡಾಕ್ಟರು ದೀಪ ತೋರಿಸಿ, ಬಣ್ಣಬಣ್ಣದ ಉಣ್ಣೆ ಎಳೆ ತೋರಿಸಿ, ಎರಡೂ ಕಣ್ಣಿಗೆ ಪೊರೆ ಬರುತ್ತಿದೆ ಎಂದರು. ಬಲಿಯುವವರೆಗೆ ಅದನ್ನು ತೆಗೆಯುವಂತಿಲ್ಲ, ಬಲಿಯಲು ಎಷ್ಟು ವರ್ಷ ಹಿಡಿಯುತ್ತದೋ ಹೇಳಲಾಗದು. ಭಾವನನ್ನು ಹಳಿಯಿಂದ ಇಳಿಸಿ ಶೆಡ್ ಒಳಗಿನ ಕೆಲಸ ಕೊಟ್ಟರು. ತಣ್ಣಗಾದ ಎಂಜಿನ್‌ಗಳ ಒಲೆಯಲ್ಲಿ ಮರದ ತುಂಡು, ಎಣ್ಣೆಬಟ್ಟೆ ಹಾಕಿ ಬೆಂಕಿ ಹೊತ್ತಿಸಿ ಹಬೆ ಏಳುವವರೆಗೆ ಕಾಯುವುದು. ಬೇರೆಯವರು ಓಡಿಸಲು ಹತ್ತುವ ಹೊತ್ತಿಗೆ ಇವರು ಇಳಿದಿರಬೇಕು.

ಶೆಡ್‌ನ ಜನ ಬಾಯಿ ಸುಮ್ಮನಿಡುವವರಲ್ಲ. "ಏನಪ್ಪಾ ಐಕ್, ಲಂಡನ್ ದೂರ ಆಯ್ತಾ?" ಎಂದು ಒಬ್ಬ. "ಬೆಂಕಿ ಆದ್ರೂ ಕಾಣಿಸ್ತದಾ, ಕಡ್ಡಿ ಗೀರಿ ಕೊಡ್ಲಾ?" ಎಂದು ಇನ್ನೊಬ್ಬ. ಭಾವ ತಮ್ಮ ಪಾಡಿಗೆ ಒಲೆಯಲ್ಲಿ ಮರದ ತುಂಡು ಜೋಡಿಸುತ್ತಿದ್ದರು. ಸ್ವಲ್ಪ ದಿನಕ್ಕೆ ಅಣಕಿಸುವವರಿಗೇ ಬೇಸರವಾಗಿ ನಿಲ್ಲಿಸಿದರು. ಬ್ರಯನ್ ಮಾತ್ರ ಅವರ ಎದುರಿಗೇ ಬರಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು. ನನ್ನ ಹತ್ತಿರ ಬಂದು, "ನಾನು ಒಂದೇ ಒಂದು ಸಿಗ್ನಲ್ ತಪ್ಪಿಸಿದ್ದೀನಾ ಸಿಡ್? ನನ್ನನ್ನ ನಂಬ್ಲಿಲ್ಲ ಅವರು" ಎಂದ. ಅವರು ನಂಬದಿದ್ದದ್ದು ನಿನ್ನನ್ನಲ್ಲ, ತಮ್ಮನ್ನೇ ಎಂದು ಹೇಳಿದೆ. ಅವನು ಕೇಳಲು ತಯಾರಿರಲಿಲ್ಲ.

ಅದಾದ ಮೇಲೆ ಡೀಸೆಲ್ ಎಂಜಿನ್‌ಗಳು ಬಂದವು. ದೊಡ್ಡ ರೈಲುಗಳು ಒಂದೊಂದಾಗಿ ಅವುಗಳ ಪಾಲಾದವು. ರಾಯಲ್ ಸ್ಕಾಟ್‌ಗಳನ್ನು ಗೂಡ್ಸ್‌ಗೆ, ಮೀನಿನ ರೈಲಿಗೆ, ಪಾರ್ಸಲ್‌ಗೆ ಹಾಕಿದರು. ಒರೆಸುವವರು ಇಲ್ಲದೆ, ಯುದ್ಧದ ನಂತರ ಕೆಂಪಿನ ಬದಲು ಬಳಿದಿದ್ದ ಹಸಿರು ಬಣ್ಣ ಮಸಿಯಡಿ ಮುಚ್ಚಿಹೋಯಿತು. ಹೆಸರಿನ ಹಿತ್ತಾಳೆ ಫಲಕಗಳನ್ನು ಕಿತ್ತು ಒಳಗಿಟ್ಟರು. ನಾನು ರಿಪೇರಿಗೆ ಎಂದು ಬರೆದುಕೊಟ್ಟದ್ದಕ್ಕೆ ಸಾಮಾನು ಬರುತ್ತಿರಲಿಲ್ಲ. ಇವತ್ತು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕು, ನಾಳೆ ಅದರಿಂದ ಬಿಚ್ಚಿ ಮತ್ತೊಂದಕ್ಕೆ ಹಾಕು. ಅರವತ್ತೆರಡರಲ್ಲಿ ಅವುಗಳನ್ನು ಗುಂಪುಗುಂಪಾಗಿ ನಿಲ್ಲಿಸಿಬಿಟ್ಟರು. ಶೆಡ್‌ನ ಹಿಂದಿನ ಹಳಿಯ ಮೇಲೆ ಮಳೆಯಲ್ಲಿ ಸಾಲಾಗಿ ನಿಂತವು, ಒಡೆಯುವ ಅಂಗಳಕ್ಕೆ ಹೋಗಲು.

ಸತ್ತ ಎಂಜಿನ್ನನ್ನು ಬೇರೆ ರೈಲಿಗೆ ಕಟ್ಟಿ ಎಳೆದೊಯ್ಯುವಾಗ ಅದರೊಳಗೆ ಒಬ್ಬ ಕೂರಬೇಕು. ದಾರಿಯಲ್ಲಿ ನಿಂತಾಗಲೆಲ್ಲ ಇಳಿದು ಕೀಲುಗಳಿಗೆ ಎಣ್ಣೆ ಹಾಕಿ, ಎಲ್ಲಾದರೂ ಕಾದಿದೆಯೇ ಎಂದು ಕೈಯಿಟ್ಟು ನೋಡಬೇಕು. ಒಲೆ ಇಲ್ಲ, ಬೆಂಕಿ ಇಲ್ಲ, ಚಳಿಯಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಇಡೀ ದಿನ. ಯಾರಿಗೂ ಬೇಡದ ಕೆಲಸ. ಅದಕ್ಕೆ ಕಣ್ಣು ಬೇಕಿಲ್ಲ, ಕೈ ಸಾಕು. ಪರ್ಡಮ್ ಭಾವನನ್ನು ಕೇಳಿದರು, ಭಾವ ಆಗಲಿ ಎಂದರು.

"ಹೆಣದ ಜೊತೆ ಕೂರೋ ಕೆಲಸ" ಎಂದಳು ಅಕ್ಕ. "ಬೇರೆ ಯಾರೂ ಸಿಗ್ಲಿಲ್ವಾ ಅವರಿಗೆ?"

"ಯಾರಾದ್ರೂ ಕೂರಬೇಕಲ್ಲ."

ಅಕ್ಕ ಅವರಿಗೆ ದಪ್ಪ ಉಣ್ಣೆಯ ಕೈಗವಸು ಹೆಣೆದುಕೊಟ್ಟಳು, ಬೆರಳ ತುದಿ ಬಿಟ್ಟು.

ಅರವತ್ತಮೂರರ ಆ ಕೊರೆಯುವ ಚಳಿಗಾಲದಲ್ಲಿ ಒಂದು ದಿನ ಅವರು ಒಂದು ರಾಯಲ್ ಸ್ಕಾಟ್ ಒಳಗೆ ಕೂತು ಗ್ಲಾಸ್ಗೋ ಕಡೆಗೆ ಹೊರಟರು. ಎಳೆಯುತ್ತಿದ್ದುದು ಡೀಸೆಲ್. ಬೀಟಕ್ ಬೆಟ್ಟದ ಕೆಳಗೆ, ಹಿಂದಿನಿಂದ ಬರುವ ರೈಲಿಗೆ ದಾರಿ ಬಿಡಲು ಪಕ್ಕದ ಹಳಿಯಲ್ಲಿ ನಿಲ್ಲಿಸಿದರು. ಸುತ್ತ ಹಿಮ. ಭಾವ ಇಳಿದು ಎಣ್ಣೆ ಹಾಕಿ ಮತ್ತೆ ಹತ್ತಿ ಕೂತಾಗ, ಯಾರೋ ಹಿಮ ತುಳಿಯುತ್ತ ಬರುವ ಸದ್ದು ಕೇಳಿತಂತೆ. ಡೀಸೆಲ್ ಡ್ರೈವರ್. ಮೆಟ್ಟಿಲು ಹತ್ತಿ ಒಳಗೆ ಬಂದು ನಿಂತ. ಭಾವನಿಗೆ ಮುಖ ಸ್ಪಷ್ಟವಾಗಲಿಲ್ಲ.

"ಯಾರಪ್ಪಾ?"

"ಕೂದಲು ಕೂಡ ಕಾಣಿಸಲ್ವಾ ಯಜಮಾನ್ರೇ?"

ಬ್ರಯನ್. ಡೀಸೆಲ್ ಬಂದ ಮೇಲೆ ಹಳಬರು ಬೇಗ ಬೇಗ ಬಿಟ್ಟುಹೋಗಿ, ಅವನು ಚಿಕ್ಕ ವಯಸ್ಸಿಗೇ ಡ್ರೈವರ್ ಆಗಿಬಿಟ್ಟಿದ್ದ. ಭಾವ ಹಿಂದೆ ಕೂತಿದ್ದಾರೆಂದು ಅವನಿಗೆ ಕಾರ್ಲೈಲ್‌ನಲ್ಲೇ ಗೊತ್ತಿತ್ತು. ಅಲ್ಲಿ ಬಂದು ಮಾತಾಡಿಸಲು ಮನಸ್ಸಾಗಿರಲಿಲ್ಲ.

"ಮುಂದೆ ಬನ್ನಿ. ಅಲ್ಲಿ ಹೀಟರ್ ಇದೆ, ಮೆತ್ತಗಿನ ಸೀಟು ಇದೆ. ಚಪ್ಪಲಿ ಹಾಕ್ಕೊಂಡು ಓಡಿಸ್ಬಹುದು."

"ಇದನ್ನ ಬಿಟ್ಟು ಬರೋ ಹಾಗಿಲ್ಲ."

"ಇದೇನು ಓಡಿ ಹೋಗ್ತದಾ?"

"ಬ್ರಯನ್, ಕೆಲಸ ಅಂದ್ರೆ ಕೆಲಸ."

ಬ್ರಯನ್ ಹೊರಟುಹೋದ. ಭಾವ ಅಷ್ಟೇ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಅವನು ಬಿಸಿ ಚಹಾ ತುಂಬಿದ ಫ್ಲಾಸ್ಕ್ ಹಿಡಿದು ವಾಪಸು ಬಂದ. ಆರಿದ ಒಲೆಯ ಎದುರಿಗೆ, ತಾನು ಅಷ್ಟು ದಿನ ನಿಂತಿದ್ದ ಜಾಗದಲ್ಲೇ, ನೆಲದ ಮೇಲೆ ಕೂತ.

"ನಾನು ಬಹಳ ಕೋಪ ಮಾಡ್ಕೊಂಡಿದ್ದೆ" ಎಂದ.

"ಗೊತ್ತು."

"ಹೋದ ತಿಂಗಳು ಪೆನ್ರಿತ್ ಹತ್ರ ಮಂಜು. ನನ್ನ ಜೊತೆಯವನು ಏನೋ ತಿಂತಿದ್ದ. ಒಂದು ಹಳದಿ ಕಾಣಿಸ್ತೋ ಇಲ್ವೋ ಅಂತ ನನಗೇ ಅನುಮಾನ ಬಂತು. ಕಾಣಿಸಿತ್ತು. ಬ್ರೇಕ್ ಹಾಕಿದ್ದೆ. ಆದ್ರೂ ಮನೆಗೆ ಹೋಗಿ ಊಟ ಸೇರ್ಲಿಲ್ಲ." ಅವನು ಫ್ಲಾಸ್ಕಿನ ಮುಚ್ಚಳದ ಲೋಟವನ್ನು ತಿರುಗಿಸುತ್ತ ಕೂತ. "ನೀವು ಅದನ್ನ ಚಳಿಗಾಲ ಪೂರ್ತಿ ಹೊತ್ರಿ."

ಭಾವ ಕೈಚಾಚಿ ಲೋಟ ತೆಗೆದುಕೊಂಡರು. ಹಿಂದಿನ ರೈಲು ದಾಟಿ ಹೋಗುವವರೆಗೆ ಇಬ್ಬರೂ ಆ ತಣ್ಣನೆಯ ಕಬ್ಬಿಣದೊಳಗೆ ಕೂತಿದ್ದರು. ಹೋಗುವಾಗ ಬ್ರಯನ್, ತನಗೆ ಮದುವೆಯಾಗಿದೆ, ಹುಟ್ಟಿದ್ದು ಹೆಣ್ಣು, ಐಸಾಕ್ ಎಂದು ಇಡಲು ಹೆಂಡತಿ ಒಪ್ಪಲಿಲ್ಲ ಎಂದ. ಭಾವ ನಕ್ಕರಂತೆ. ಅದನ್ನು ಬ್ರಯನ್ನೇ ಬಂದು ಅಕ್ಕನಿಗೆ ಹೇಳಿದ, ದೊಡ್ಡ ಸುದ್ದಿಯ ಹಾಗೆ.

ಗ್ಲಾಸ್ಗೋ ಹೊರಗಿನ ಒಡೆಯುವ ಅಂಗಳಕ್ಕೆ ಅವರು ಮುಟ್ಟಿದ್ದು ಮಾರನೆಯ ದಿನ. ಅಲ್ಲಿ ಗ್ಯಾಸ್ ಹಿಡಿದು ಕಬ್ಬಿಣ ಕತ್ತರಿಸುವ ಮುದುಕನೊಬ್ಬ, ಮರ್ಡೊ ಗಿಲ್‌ಕ್ರೈಸ್ಟ್ ಎಂದು. ಅವನು ಬಂದು ಎಂಜಿನ್ನಿನ ಪಕ್ಕಕ್ಕೆ ಅಂಗೈ ಇಟ್ಟು ನಿಂತ. ಇಪ್ಪತ್ತೇಳರಲ್ಲಿ ಇವನ್ನು ಕಟ್ಟುವಾಗ ಗ್ಲಾಸ್ಗೋದ ಆ ಕಾರ್ಖಾನೆಯಲ್ಲಿ ತಾನು ರಿವೆಟ್ ಬಡಿಯುತ್ತಿದ್ದೆ ಎಂದ. ಆ ಕಾರ್ಖಾನೆಯೂ ಬಾಗಿಲು ಹಾಕಿತ್ತು. ಮುದುಕ ಇಲ್ಲಿಗೆ ಬಂದಿದ್ದ.

"ಎಷ್ಟು ಅವಸರ ಮಾಡ್ಸಿದ್ರು ಗೊತ್ತಾ ನಮಗೆ? ಉಣ್ಣೋಕೂ ಬಿಡ್ಲಿಲ್ಲ. ಒಂದು ಮುಗೀತು ಅನ್ನೋಷ್ಟರಲ್ಲಿ ಬಣ್ಣ ಬಳಿದು ಹೊರಗೆ ತಳ್ಳಿಬಿಡೋರು. ಆಮೇಲೆ ಹೇಗೆ ಓಡಿದ್ವು, ಏನಾದ್ವು, ಯಾರೂ ನಮಗೆ ಬಂದು ಹೇಳ್ಲಿಲ್ಲ." ಅವನು ಭಾವನ ಮಸಿ ಹಿಡಿದ ಕೋಟು ನೋಡಿದ. "ನೀನು ಓಡಿಸಿದ್ದೀಯಾ ಇದನ್ನ?"

"ಸಲಿಕೆ ಹಿಡಿದದ್ದು ಜಾಸ್ತಿ. ಓಡಿಸಿದ್ದು ಕಮ್ಮಿ."

"ಹೇಗಿತ್ತು? ಚೆನ್ನಾಗಿತ್ತಾ?"

ನಮ್ಮ ಭಾವ ಎಂದೂ ಯಾರೊಡನೆಯೂ ಅಷ್ಟು ಮಾತಾಡಿದವರಲ್ಲ. ಆ ಮಧ್ಯಾಹ್ನ, ಹಳೆಯ ಎಣ್ಣೆ ಪೀಪಾಯಿಯೊಳಗೆ ಹಾಕಿದ ಬೆಂಕಿಯ ಪಕ್ಕ ಕೂತು, ಇಬ್ಬರೂ ತಂದಿದ್ದ ಬ್ರೆಡ್ಡು ಹಂಚಿಕೊಂಡು ತಿನ್ನುತ್ತ, ಅವರು ಆ ಮುದುಕನಿಗೆ ಎಲ್ಲ ಹೇಳಿದರು. ಹೊಗೆ ಕಣ್ಣಿಗೆ ಕವಿದದ್ದು, ಜರಡಿಯ ಹಾಗೆ ಕುಲುಕಿದ್ದು, ಮಳೆಯಲ್ಲಿ ಉದ್ದನೆಯ ರೈಲು ಹಿಡಿದು ಶಾಪ್ ಹತ್ತುವಾಗ ಇನ್ನೇನು ನಿಂತಿತು ಎಂದುಕೊಂಡಾಗ ನಿಲ್ಲದೆ ಹತ್ತಿದ್ದು. ಒಳ್ಳೆಯದನ್ನು ಹೆಚ್ಚಿಸಲಿಲ್ಲ, ಕೆಟ್ಟದ್ದನ್ನು ಮುಚ್ಚಲಿಲ್ಲ. ಮರ್ಡೊ ಕೇಳುತ್ತ ಕೇಳುತ್ತ ತಲೆದೂಗಿದ. ಕೊನೆಗೆ ಎದ್ದು, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು, "ಹಾಗಾದ್ರೆ ಸರಿ" ಎಂದು ಗ್ಯಾಸ್ ಹೊತ್ತಿಸಿದ. ಭಾವ ನೋಡಲು ನಿಲ್ಲಲಿಲ್ಲ. ಸ್ಟೇಷನ್ನಿಗೆ ನಡೆದು ಹೋದರು.

ಆ ಕೆಲಸವನ್ನು ಅವರು ಇನ್ನೂ ಎರಡು ವರ್ಷ ಮಾಡಿದರು, ಎಳೆದೊಯ್ಯಲು ಏನೂ ಉಳಿಯದಂತಾಗುವವರೆಗೆ. ಅರವತ್ತಾರರ ಕೊನೆಗೆ ಶೆಡ್ ಕೂಡ ಉಗಿ ಎಂಜಿನ್‌ಗಳಿಗೆ ಮುಚ್ಚಿತು. ಭಾವನಿಗೆ ವಯಸ್ಸು ಇನ್ನೂ ಆಗಿರಲಿಲ್ಲ, ಆದರೆ ಮಾಡಲು ಕೆಲಸವಿರಲಿಲ್ಲ. ಕೈಕುಲುಕಿ ಮನೆಗೆ ಕಳುಹಿಸಿದರು. ಅವರು ಬಂದು ಎರಡು ದಿನ ಮಲಗಿದರು.

ಆ ಹೊತ್ತಿಗೆ ಪೊರೆ ಬಲಿತಿತ್ತು. ಆಸ್ಪತ್ರೆಯಲ್ಲಿ ಮೊದಲು ಒಂದು ಕಣ್ಣು, ಕೆಲವು ತಿಂಗಳ ಮೇಲೆ ಇನ್ನೊಂದು ಕಣ್ಣು ಸರಿಮಾಡಿ, ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. ಅಡುಗೆಮನೆಯ ಕಿಟಕಿಯ ಬಳಿ ಅಕ್ಕ ಚಹಾ ಸೋಸುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತು ಬಹಳ ಹೊತ್ತು ಅವಳನ್ನು ನೋಡಿದರು.

"ಹಿಲ್ಡಾ, ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?"

"ನೀನು ನೋಡ್ದೇ ಇದ್ದಾಗ."

"ಯಾರೂ ಹೇಳ್ಲೇ ಇಲ್ಲ."

"ಬೆಳಿಗ್ಗೆ ಎದ್ದು ಹೇಳ್ಬೇಕಿತ್ತಾ, ಇವತ್ತು ಇನ್ನೊಂದು ಕೂದಲು ಅಂತ? ಕೂತ್ಕೋ, ಚಹಾ ಆರ್ತದೆ." ಅವಳು ನಮ್ಮ ಕಡೆ ತಿರುಗದೆಯೇ ಮಾತಾಡುತ್ತಿದ್ದಳು, ಸೋಸಿ ಮುಗಿದ ಮೇಲೂ ಅಲ್ಲೇ ನಿಂತಿದ್ದಳು.

ಎರಡು ಬೇಸಿಗೆ ಕಳೆದ ಮೇಲೆ ಅವಳ ಒತ್ತಾಯಕ್ಕೆ ಮೂವರೂ ಪೂರ್ವ ಕರಾವಳಿಯ ಒಂದು ರಜಾ ಶಿಬಿರಕ್ಕೆ ಹೋದೆವು. ಸಾಲು ಗುಡಿಸಲು, ಈಜುಕೊಳ, ಧ್ವನಿವರ್ಧಕದಲ್ಲಿ ಹಾಡು. ಒಡೆಯದೆ ಉಳಿದ ಒಂದೆರಡು ರಾಯಲ್ ಸ್ಕಾಟ್‌ಗಳಲ್ಲಿ ಒಂದನ್ನು ಆ ಶಿಬಿರದವರು ಕೊಂಡು ತಂದು, ಹುಲ್ಲಿನ ನಡುವೆ ತುಂಡು ಹಳಿಯ ಮೇಲೆ ನಿಲ್ಲಿಸಿದ್ದರು. ಹೊಸದಾಗಿ ಬಂದಾಗಿನ ಹಾಗೆ ಕೆಂಪು ಬಣ್ಣ ಬಳಿದಿದ್ದರು. ಮಕ್ಕಳು ಒಳಗೆ ಹತ್ತಿ ಕೂಗುತ್ತಿದ್ದರು, ತಾಯಂದಿರು ಕೆಳಗಿನಿಂದ ಇಳಿಯಿರಿ ಎನ್ನುತ್ತಿದ್ದರು. ಭಾವ ದಪ್ಪ ಕನ್ನಡಕದೊಳಗಿಂದ ಕೊಳವೆಯಿಂದ ಚಕ್ರದವರೆಗೆ ಒಂದು ಸಲ ನೋಡಿದರು.

"ಹತ್ತಿ ನೋಡಲ್ವಾ ಐಕ್?" ಎಂದಳು ಅಕ್ಕ. "ಹೋಗು, ಹೇಳಿದ್ರೆ ಬಿಡ್ತಾರೆ. ನೀನು ಡ್ರೈವರ್ ಆಗಿದ್ದೆ ಅಂತ ನಾನೇ ಹೇಳ್ತೀನಿ."

"ಬೇಡ ಕಣೇ. ಹತ್ತಿದ್ದು ಸಾಕಾಗಿದೆ." ಅವರು ಅವಳ ತೋಳು ಹಿಡಿದುಕೊಂಡರು. "ಎಲ್ಲಾದ್ರೂ ನೆರಳಲ್ಲಿ ಕೂರೋಣ ನಡಿ."